ಕೋಡ್ ಚಿನ್ನ, ಮಾತು ಚಾಟಿ: ಇಂಥ ಹಿರಿಯರಿರೋ ತಂಡ ನಡೆಸೋದು ಹೇಗೆ?

ತುಂಗೆದಂಡೆ (ಪ್ರಶ್ನೆ)

ಒಂಬತ್ತು ಜನರ ತಂಡ. ನಾಲ್ವರು ಶಿವಮೊಗ್ಗದ ಆಫೀಸಿಗೆ ಬರ್ತಾರೆ. ಮೂವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಿಂದಲೇ ಕೆಲಸ. ಇಬ್ಬರು ಬೆಂಗಳೂರಲ್ಲಿ. ಆ ಇಬ್ಬರಲ್ಲಿ ಒಬ್ಬರು ಪೇಮೆಂಟ್ ಮತ್ತು ಸೆಟ್ಲ್‌ಮೆಂಟ್ ಮಾಡ್ಯೂಲ್ ಪೂರ್ತಿ ಬರೆದವರು. ಕೆಲಸದಲ್ಲಿ ಎರಡು ಮಾತಿಲ್ಲ. ಆದರೆ ರಿವ್ಯೂನಲ್ಲಿ (ಬೇರೆಯವರ ಕೋಡ್ ಓದಿ ತಪ್ಪು ತೋರಿಸೋದು) ಬರೆಯೋದು "ಇದನ್ನು ಬರೆದವರಿಗೆ ಲೂಪ್ ಅಂದ್ರೇನು ಗೊತ್ತಾ?" ಥರದ್ದು. ಸ್ಟ್ಯಾಂಡಪ್‌ನಲ್ಲಿ (ದಿನದ ಚುಟುಕು ಮೀಟಿಂಗ್) ಯಾರಾದರೂ ಮಾತಾಡ್ತಿದ್ರೆ ಅರ್ಧಕ್ಕೇ ತುಂಡರಿಸ್ತಾರೆ. ಹೊಸ ಹುಡುಗರು ಡೌಟ್ ಕೇಳೋದು ಬಿಟ್ಟಿದ್ದಾರೆ. ಆ ಹಿರಿಯರು ರಜೆ ಹಾಕಿದ ದಿನ ನೋಡ್ಕೊಂಡು ಪುಲ್ ರಿಕ್ವೆಸ್ಟ್ (ಬರೆದ ಕೋಡನ್ನು ಮುಖ್ಯ ಕೋಡಿಗೆ ಸೇರಿಸಿ ಅನ್ನೋ ಕೋರಿಕೆ) ಎತ್ತುತ್ತಾರೆ.

ಮ್ಯಾನೇಜರ್ ಹೇಳೋದು ಒಂದೇ: "ಪ್ರೊಡಕ್ಷನ್ ನಿಂತಿರೋದೇ ಅವರ ಮೇಲೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." (ಪ್ರೊಡಕ್ಷನ್ ಅಂದ್ರೆ ಗ್ರಾಹಕರು ಬಳಸ್ತಿರೋ ಸಿಸ್ಟಮ್.)

ನಾನು ಹೆಸರಿಗೆ ಲೀಡ್. ಅವರ ಅಪ್ರೈಸಲ್ ನನ್ನ ಕೈಲಿಲ್ಲ. ವ್ಯಕ್ತಿತ್ವ ವಿಕಸನದ ಭಾಷಣ ಬೇಡ. ಮೊದಲು ಏನು ಬದಲಿಸಬೇಕು, ಅವರ ಹತ್ತಿರ ಮಾತು ಎತ್ತೋದು ಹೇಗೆ, ಎಚ್‌ಆರ್‌ಗೆ ಹೋಗೋ ಹಂತ ಯಾವುದು, ಇಷ್ಟು ಹೇಳಿ.

ಪುಲ್‌ರಿಕ್ವೆಸ್ಟ್ ಪುರೋಹಿತ

ಸ್ವಭಾವಕ್ಕೆ ಕೈ ಹಾಕೋ ಮೊದಲು ಆ ಸ್ವಭಾವ ಹರಿದು ಬರೋ ಕಾಲುವೆ ನೋಡಿ. ನಿಮ್ಮಲ್ಲಿ ಅದು ಕೋಡ್ ರಿವ್ಯೂ. ಅಲ್ಲಿ ಲೀಡ್ ಒಬ್ಬರೇ ಮಾಡಬಹುದಾದ ಕೆಲಸ ಬಹಳ ಇದೆ, ಯಾರ ಅಪ್ಪಣೆಯೂ ಬೇಡ.

ರಿವ್ಯೂ ಜಗಳದಲ್ಲಿ ದೊಡ್ಡ ಪಾಲು ಸ್ಪೇಸು, ಹೆಸರು, ಬ್ರಾಕೆಟ್ಟಿನದ್ದು. ಅದನ್ನ ಮನುಷ್ಯರ ಬಾಯಿಂದ ಕಿತ್ತು ಯಂತ್ರಕ್ಕೆ ಕೊಡಿ, ಅಂದ್ರೆ ಕೋಡಿನ ರೂಪ ತಾನೇ ಸರಿಪಡಿಸೋ, ತಪ್ಪು ತೋರಿಸೋ ಪ್ರೋಗ್ರಾಂಗಳಿಗೆ. ಜಾವಾಸ್ಕ್ರಿಪ್ಟ್ ಆದರೆ ಪ್ರಿಟಿಯರ್ ಮತ್ತು ಇಎಸ್‌ಲಿಂಟ್, ಪೈಥಾನ್ ಆದರೆ ಬ್ಲ್ಯಾಕ್, ಗೋ ಆದರೆ ಅದರದ್ದೇ ಗೋಎಫ್‌ಎಂಟಿ. ಕಮಿಟ್‌ಗೆ (ಬದಲಾವಣೆ ದಾಖಲಿಸೋದು) ಮೊದಲೂ ಓಡಬೇಕು, ಸಿಐನಲ್ಲೂ (ಕೋಡ್ ಬಂದಾಗಲೆಲ್ಲ ತಾನಾಗೇ ಪರೀಕ್ಷೆ ಓಡಿಸೋ ವ್ಯವಸ್ಥೆ) ಓಡಬೇಕು. ಇಲ್ಲಿ ಎಡವೋದು ಎಲ್ಲಿ ಅಂದ್ರೆ, ಇಡೀ ರೆಪೊ (ಕೋಡಿನ ಭಂಡಾರ) ಒಮ್ಮೆ ಫಾರ್ಮ್ಯಾಟ್ ಮಾಡಿದ ಮೇಲೆ ಗಿಟ್ ಬ್ಲೇಮ್‌ನಲ್ಲಿ (ಯಾವ ಸಾಲು ಯಾರು ಬದಲಿಸಿದ್ದು ಅಂತ ತೋರಿಸೋದು) ಸಾವಿರಾರು ಸಾಲು ನಿಮ್ಮ ಹೆಸರಿಗೆ ಬಂದು ಕೂರುತ್ತೆ. ಆ ಹಿರಿಯರಿಗೆ ಬೈಯೋಕೆ ಹೊಸ ಕಾರಣ! ಅದಕ್ಕೇ ಫಾರ್ಮ್ಯಾಟ್ ಒಂದನ್ನೇ ಪ್ರತ್ಯೇಕ ಕಮಿಟ್ ಮಾಡಿ, ಆ ಕಮಿಟಿನ ಹ್ಯಾಶ್ (ಗುರುತಿನ ಸಂಖ್ಯೆ) ಅನ್ನು ಡಾಟ್-ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಫೈಲಿಗೆ ಹಾಕಿ. ಗಿಟ್‌ಹಬ್ (ಕೋಡ್ ಇಟ್ಟು ರಿವ್ಯೂ ಮಾಡೋ ತಾಣ) ಆ ಫೈಲನ್ನು ತಾನೇ ಓದುತ್ತೆ. ನಿಮ್ಮ ಲ್ಯಾಪ್‌ಟಾಪಿನ ಗಿಟ್‌ಗೆ ಮಾತ್ರ ಕಾನ್ಫಿಗ್‌ನಲ್ಲಿ ಹೇಳಿಕೊಡಬೇಕು. ತೆರೆದ ಪುಲ್ ರಿಕ್ವೆಸ್ಟ್ ಕಡಿಮೆ ಇರೋ ದಿನ ಮಾಡಿ, ಇಲ್ಲದಿದ್ರೆ ಎಲ್ಲರಿಗೂ ಮರ್ಜ್ ಕಾನ್‌ಫ್ಲಿಕ್ಟ್ (ಸೇರಿಸುವಾಗ ಬದಲಾವಣೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯೋದು).

ಆಮೇಲೆ ಗಾತ್ರ. ಸಿಸ್ಕೊ ಕಂಪನಿಯಲ್ಲಿ ನಡೆದ ಕೋಡ್ ರಿವ್ಯೂ ಅಧ್ಯಯನ ಆಧರಿಸಿ ಹೇಳೋ ಮಿತಿ ಒಂದು ಸಲಕ್ಕೆ 200ರಿಂದ 400 ಸಾಲು. ಅದಕ್ಕಿಂತ ಹೆಚ್ಚಾದ್ರೆ ತಪ್ಪು ಹಿಡಿಯೋ ಶಕ್ತಿ ಕುಸಿಯುತ್ತೆ. ಹೆದರಿದ ಹುಡುಗರು ಹತ್ತು ದಿನದ ಕೆಲಸ ಕೂಡಿಟ್ಟು 1500 ಸಾಲು ಒಟ್ಟಿಗೆ ತಂದು ಹಾಕ್ತಾರೆ. ನೋಡೋರಿಗೆ ಸಿಟ್ಟು ಬರುತ್ತೆ, ಬೈತಾರೆ. ಹುಡುಗರು ಮುಂದಿನ ಸಲ ಇನ್ನೂ ತಡ ಮಾಡ್ತಾರೆ. ಈ ಗಾಣ ನಿಲ್ಲಬೇಕಾದ್ರೆ ಪುಲ್ ರಿಕ್ವೆಸ್ಟ್ ಚಿಕ್ಕದಾಗಬೇಕು.

ಪ್ರತಿ ಕಾಮೆಂಟಿನ ತಲೆಗೂ ಒಂದು ಪದ ಕಡ್ಡಾಯ ಮಾಡಿ: ತಡೆ, ಸಲಹೆ, ಪ್ರಶ್ನೆ, ಚಿಲ್ಲರೆ. "ತಡೆ" ಅಂತ ಬರೆದವರು ಮೂರು ವಿಷಯ ಕೊಡಲೇಬೇಕು: ಏನು ಮುರಿಯುತ್ತೆ, ಯಾವ ಇನ್‌ಪುಟ್‌ಗೆ ಮುರಿಯುತ್ತೆ, ಬದಲಿಗೆ ಏನು. ಮೇಲಿನ ಲೂಪ್ ಮಾತನ್ನೇ ಈ ಅಚ್ಚಿಗೆ ಹಾಕಿ: "ತಡೆ. ಆರ್ಡರ್ ಒಂದಕ್ಕೆ ಒಂದು ಡೇಟಾಬೇಸ್ ಕ್ವೆರಿ ಹೋಗ್ತಿದೆ. 500 ಆರ್ಡರ್ ಇದ್ದರೆ ಪಟ್ಟಿ ತರೋ ಒಂದೂ ಸೇರಿ 501 ಕ್ವೆರಿ. ಲೂಪಿನ ಹೊರಗೆ ಐಡಿಗಳನ್ನೆಲ್ಲ ಸೇರಿಸಿ ಒಂದೇ ಸಲ ತನ್ನಿ." ಜ್ಞಾನ ಅಷ್ಟೂ ಉಳಿಯಿತು, ಚಾಟಿ ಬಿದ್ದುಹೋಯ್ತು. ನಿಜ ಹೇಳಬೇಕಂದ್ರೆ ಮೊದಲಿನ ವಾಕ್ಯದಲ್ಲಿ ಈ ಜ್ಞಾನವೇ ಇರಲಿಲ್ಲ.

ಗಿಟ್‌ಹಬ್‌ನಲ್ಲಿ ಹಲವರು ಗಮನಿಸದ ಒಂದು ವಿಷಯ: ರಿವ್ಯೂ ಕಡ್ಡಾಯ ಇರೋ ಬ್ರಾಂಚ್‌ನಲ್ಲಿ (ಕೋಡಿನ ಒಂದು ಕವಲು), ರೈಟ್ (ಬರೆಯೋ) ಅನುಮತಿ ಇರೋರು ಒಬ್ಬರು "ರಿಕ್ವೆಸ್ಟ್ ಚೇಂಜಸ್" ಒತ್ತಿದರೆ ಅವರೇ ಬಂದು ಒಪ್ಪೋವರೆಗೆ ಮರ್ಜ್ ಆಗಲ್ಲ. ಅಥವಾ ಅಧಿಕಾರ ಇರೋರು ಆ ರಿವ್ಯೂ ಡಿಸ್‌ಮಿಸ್ ಮಾಡಬೇಕು. ಅಂದ್ರೆ ನಿಮ್ಮ ಹಿರಿಯರ ಕೈಲಿ ವೀಟೊ ಇದೆ, ಅದನ್ನ ಅವರಿಗೆ ಯಾರೂ ಕೊಟ್ಟಿಲ್ಲ, ತಾನಾಗೇ ಬಂದಿದೆ. ಆ ಬಟನ್ "ತಡೆ" ಇದ್ದಾಗ ಮಾತ್ರ ಅಂತ ತಂಡದ ನಿಯಮ ಮಾಡಿ. ಉಳಿದದ್ದಕ್ಕೆಲ್ಲ ಬರೀ ಕಾಮೆಂಟ್.

ಎರಡು ಸುತ್ತಾದರೂ ಬಗೆಹರಿಯದಿದ್ರೆ ಬರವಣಿಗೆ ನಿಲ್ಲಿಸಿ, 15 ನಿಮಿಷದ ಕಾಲ್. ತೀರ್ಮಾನವನ್ನು ಅದೇ ಪುಲ್ ರಿಕ್ವೆಸ್ಟಿನ ಕೆಳಗೆ ಮೂರು ಸಾಲಲ್ಲಿ ಬರೆಯೋದು ಕೋಡ್ ಬರೆದವರು, ರಿವ್ಯೂ ಮಾಡಿದವರಲ್ಲ.

ಒಂದು ಎಚ್ಚರಿಕೆ. ಎರಡನೇ ವಾರಕ್ಕೆ ಅವರು ಎಲ್ಲದಕ್ಕೂ "ತಡೆ" ಅಂತ ಬರೆಯೋಕೆ ಶುರು ಮಾಡಬಹುದು. ವಾರಕ್ಕೊಮ್ಮೆ ಎಣಿಸಿ, ಎಷ್ಟು ತಡೆಯಲ್ಲಿ ಎಷ್ಟು ನಿಜಕ್ಕೂ ಕೋಡ್ ಬದಲಾಯಿಸಿತು ಅಂತ. ಆ ಲೆಕ್ಕ ಮುಂದೆ ಬೇಕಾಗುತ್ತೆ.

ಕವಲೇದುರ್ಗ

ಆ ಹಿರಿಯರ ಪರವಾಗಿ ಒಂದು ಮಾತು. ನೇರ ಮಾತು ಬೇರೆ, ಕೆಟ್ಟ ಮಾತು ಬೇರೆ. ವಾಕ್ಯದಿಂದ ಮನುಷ್ಯನನ್ನು ತೆಗೆದು ನೋಡಿ. "ಈ ಕ್ವೆರಿ ಇಂಡೆಕ್ಸ್ ಬಳಸಲ್ಲ, ಬದಲಾಯಿಸಿ" ಅನ್ನೋದು ಒಣ ಮಾತು, ಅಷ್ಟೇ. "ಲೂಪ್ ಗೊತ್ತಾ" ಅನ್ನೋದರಲ್ಲಿ ಮನುಷ್ಯನನ್ನು ತೆಗೆದರೆ ಏನೂ ಉಳಿಯಲ್ಲ.

ಇನ್ನೊಂದು. ಕನ್ನಡದಲ್ಲಿ ಮರ್ಯಾದೆ ಇರೋದು ಕ್ರಿಯಾಪದದ ಬಾಲದಲ್ಲಿ. "ಮಾಡು" ಮತ್ತು "ಮಾಡಿ" ನಡುವೆ ಒಂದೇ ಸ್ವರದ ವ್ಯತ್ಯಾಸ, ಆದರೆ ಆ ಸ್ವರದಲ್ಲೇ ಎಲ್ಲ ಇದೆ. ಮನಸ್ಸಲ್ಲಿ "ತೆಗೀರಿ" ಅಂದುಕೊಂಡು ಇಂಗ್ಲಿಷಲ್ಲಿ ಬರೆದಾಗ ಆ ಬಾಲ ಉದುರಿ ಬರೀ ಆಜ್ಞೆ ಉಳಿಯುತ್ತೆ. ಓದೋ ಹುಡುಗ ಅದನ್ನ "ತೆಗಿ" ಅಂತ ಓದ್ಕೋತಾನೆ. ಎಲ್ಲರಿಗೂ ಕನ್ನಡ ಬರೋ ತಂಡ ಆದರೆ ರಿವ್ಯೂ ಕನ್ನಡದಲ್ಲೇ ಬರೆಯೋಕೆ ಬಿಡಿ. ಒಂದಷ್ಟು ಕಹಿ ಹಾಗೇ ಇಳಿಯುತ್ತೆ. ಇಳಿಯದೆ ಉಳಿದದ್ದು ನಿಜವಾದ ಸಮಸ್ಯೆ.

ನಮ್ಮ ಕಡೆಯವರ ತಪ್ಪೂ ಇದೆ. ಮಲೆನಾಡಿನ "ಹ್ಞೂಂ" ಅಂದ್ರೆ ಒಪ್ಪಿದೆ ಅಂತಲ್ಲ, "ಕೇಳಿಸ್ತು" ಅಂತ. ಆ ಕಡೆ ಇರೋರು ಅರ್ಥ ಆಯ್ತು ಅಂದುಕೊಳ್ತಾರೆ. ಅದೇ ತಪ್ಪು ಮತ್ತೆ ಬಂದಾಗ ಎರಡು ಪಟ್ಟು ಸಿಟ್ಟು. "ನಿಮಗೆ ಅರ್ಥ ಆಗಿದ್ದನ್ನು ಒಂದು ಸಾಲಲ್ಲಿ ಬರೀರಿ" ಅನ್ನೋ ಪದ್ಧತಿ ಇದ್ದರೆ ಇದು ತಪ್ಪುತ್ತೆ.

ಅಡಿಕೆ ಮತ್ತು ಎಪಿಐ

ಪುರೋಹಿತರು ಹೇಳಿದ್ದು ಸರಿ, ಆದರೆ ಬೇರು ಅಲ್ಲಿಲ್ಲ. "ಪ್ರೊಡಕ್ಷನ್ ನಿಂತಿರೋದೇ ಅವರ ಮೇಲೆ" ಅನ್ನೋ ವಾಕ್ಯದಲ್ಲಿದೆ.

ಸಾಗರದ ಕಡೆ ಕೊನೆಗೌಡನ (ಅಡಿಕೆ ಮರ ಹತ್ತಿ ಕೊನೆ ಕೊಯ್ಯೋನು) ಬಾಯಿಗೆ ಯಾರೂ ಎದುರಾಡಲ್ಲ ಯಾಕೆ? ಮರ ಹತ್ತೋರು ಊರಿಗೊಬ್ಬರೋ ಇಬ್ಬರೋ. ಆತ ಮುನಿಸಿಕೊಂಡರೆ ಮಳೆಗೆ ಮೊದಲು ಬೋರ್ಡೋ ದ್ರಾವಣ ಹೊಡೆಯೋದು ತಪ್ಪುತ್ತೆ, ಕೊಳೆ ರೋಗ ಬರುತ್ತೆ. ಆತನಿಗೆ ಯಾರೂ ಸೌಜನ್ಯ ಕಲಿಸಲಿಲ್ಲ. ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂತು, ನೆಲದ ಮೇಲೆ ನಿಂತೇ ಔಷಧಿ ಹೊಡೆಯೋದು, ಕೊನೆ ಇಳಿಸೋದು ಕಲಿತರು. ಕೊನೆಗೌಡನಿಗೆ ಈಗಲೂ ಬೆಲೆ ಇದೆ, ಆದರೆ ತೋಟದ ಯಜಮಾನಿಕೆ ಆತನದ್ದಲ್ಲ. ನಿಮಗೆ ಬೇಕಿರೋದು ದೋಟಿ.

ಮೊದಲು ಅವಲಂಬನೆ ಅಳೆಯಿರಿ. ಪೇಮೆಂಟ್ ಫೋಲ್ಡರ್ ಒಂದಕ್ಕೆ ಮಾತ್ರ, ಒಂದು ವರ್ಷದ ಅವಧಿಗೆ, ಗಿಟ್ ಶಾರ್ಟ್‌ಲಾಗ್ (ಯಾರದ್ದು ಎಷ್ಟು ಕಮಿಟ್ ಅಂತ ತೋರಿಸೋ ಆಜ್ಞೆ) ಓಡಿಸಿ. ಕಮಿಟ್‌ಗಳಲ್ಲಿ ಹತ್ತಕ್ಕೆ ಎಂಟು ಒಬ್ಬರದ್ದೇ ಆದರೆ ನಿಮ್ಮ ಬಸ್ ಫ್ಯಾಕ್ಟರ್ (ಎಷ್ಟು ಜನ ಇಲ್ಲದಾದರೆ ಕೆಲಸ ನಿಲ್ಲುತ್ತೆ ಅನ್ನೋ ಲೆಕ್ಕ) 1. ಸ್ಕ್ವಾಶ್ ಮರ್ಜ್ (ಹಲವು ಕಮಿಟ್ ಒಂದಾಗಿಸಿ ಸೇರಿಸೋದು) ಇದ್ದರೆ ಎಣಿಕೆ ದಾರಿ ತಪ್ಪಿಸುತ್ತೆ, ಹಾಗಾಗಿ ಕೊನೆಯ ಐದು ಪ್ರೊಡಕ್ಷನ್ ತೊಂದರೆಗಳನ್ನು ಯಾರು ಸರಿಪಡಿಸಿದರು ಅಂತಲೂ ನೋಡಿ. ಅದು ಸುಳ್ಳು ಹೇಳಲ್ಲ.

ಆಮೇಲೆ ರನ್‌ಬುಕ್, ಅಂದ್ರೆ ತೊಂದರೆ ಬಂದಾಗ ಏನು ಮಾಡಬೇಕು ಅನ್ನೋ ಕೈಪಿಡಿ. ಅವರ ಹತ್ತಿರ "ಡಾಕ್ಯುಮೆಂಟ್ ಬರ್ಕೊಡಿ" ಅಂದ್ರೆ ಆಗಲ್ಲ, ಎಲ್ಲಿ ಕೇಳಿದರೂ ಆಗಲ್ಲ. ತಿರುಗಿಸಿ ಮಾಡಿ: ಕಿರಿಯರೊಬ್ಬರು ಬರೀತಾರೆ, ಹಿರಿಯರು ತಪ್ಪು ತಿದ್ದುತ್ತಾರೆ. ತಪ್ಪು ಹುಡುಕೋದರಲ್ಲಿ ಇಂಥವರಿಗೆ ಇರೋ ಉತ್ಸಾಹ ಖಾಲಿ ಹಾಳೆ ತುಂಬೋದರಲ್ಲಿ ಇರಲ್ಲ. ಒಂದು ವಾರಕ್ಕೆ ಒಂದೇ ವಿಷಯ. ಸೆಟ್ಲ್‌ಮೆಂಟ್ ಫೈಲ್ ಬರದಿದ್ರೆ ಏನು, ಒಂದೇ ರಿಫಂಡ್ ಎರಡು ಸಲ ಹೋದರೆ ಏನು, ಪೇಮೆಂಟ್ ಗೇಟ್‌ವೇ ತಾನಾಗೇ ಕಳಿಸೋ ಸುದ್ದಿ (ವೆಬ್‌ಹುಕ್) ತಡವಾದರೆ ಏನು, ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ಆಗದಿದ್ರೆ ಏನು. ಎಂಟು ವಾರದಲ್ಲಿ ಎಂಟು ಪುಟ.

ಅದರ ಜೊತೆ ಎರಡನೇ ಒಡೆಯ. ಕೋಡ್‌ಓನರ್ಸ್ ಫೈಲಿನಲ್ಲಿ (ಯಾವ ಕೋಡಿಗೆ ಯಾರು ಹೊಣೆ ಅಂತ ಬರೆದಿಡೋದು) ಪೇಮೆಂಟ್ ಫೋಲ್ಡರಿಗೆ ಎರಡು ಹೆಸರು ಹಾಕಿ. ಇಬ್ಬರಲ್ಲಿ ಯಾರು ಒಪ್ಪಿದರೂ ಸಾಕು ಅನ್ನೋದು ಗಿಟ್‌ಹಬ್ಬಿನ ರೀತಿ. ಆ ಫೈಲಿನಲ್ಲಿ ಹೊಂದುವ ಸಾಲುಗಳಲ್ಲಿ ಕೊನೆಯದ್ದೇ ಗೆಲ್ಲೋದು, ಹಾಗಾಗಿ ಫೋಲ್ಡರಿನ ಸಾಲನ್ನು ಸಾಮಾನ್ಯ ಸಾಲಿನ ಕೆಳಗೆ ಬರೀರಿ. ಮೇಲೆ ಬರೆದು "ಕೆಲಸ ಮಾಡ್ತಿಲ್ಲ" ಅನ್ನೋರು ಬಹಳ. ಖಾಸಗಿ ರೆಪೊ ಆದರೆ ಉಚಿತ ಪ್ಲಾನಿನಲ್ಲಿ ಇದೂ ಇಲ್ಲ, ಬ್ರಾಂಚ್ ರಕ್ಷಣೆಯೂ ಇಲ್ಲ, ನೋಡ್ಕೊಳ್ಳಿ.

ಕಡೆಗೆ ಪರೀಕ್ಷೆ: ಅವರು ಒಂದು ವಾರ ಯೋಜಿತ ರಜೆ ಹೋಗಲಿ, ಫೋನ್ ಮಾಡಬಾರದು ಅಂತ ಮೊದಲೇ ಮಾತು. ಎಲ್ಲಿ ಸಿಕ್ಕಿಕೊಂಡಿರೋ ಅದೇ ಮುಂದಿನ ರನ್‌ಬುಕ್ ಪುಟ.

ಇದನ್ನೆಲ್ಲ ಅವರ ಬೆನ್ನ ಹಿಂದೆ ಮಾತ್ರ ಮಾಡಬೇಡಿ. "ನಿಮ್ಮನ್ನ ತೆಗೆಯೋಕೆ ತಯಾರಿ" ಅಂತ ಅನುಮಾನ ಬಂದರೆ ತಿಳಿದದ್ದನ್ನೆಲ್ಲ ಗಂಟು ಕಟ್ಟಿ ಇಟ್ಕೋತಾರೆ. ಇದ್ದದ್ದನ್ನೇ ಹೇಳಿ, ರಾತ್ರಿ ಎರಡು ಗಂಟೆಗೆ ನಿಮ್ಮೊಬ್ಬರಿಗೇ ಫೋನ್ ಬರೋದು ನಿಲ್ಲಬೇಕು ಅಂತ. ಅದು ಸುಳ್ಳೂ ಅಲ್ಲ. ಹೀಗೆ ಸಿಡುಕೋರಲ್ಲಿ ಎಷ್ಟೋ ಜನ ದಿನಕ್ಕೆ ಹದಿನೈದು ಸಲ ಕೆಲಸ ಮುರಿದು ಉತ್ತರ ಕೊಟ್ಟು ಸುಸ್ತಾದವರು. ಒಂದು ವಾರ ಎಣಿಸಿ ನೋಡಿ. ಪ್ರಶ್ನೆಗಳಿಗೆ ದಿನಕ್ಕೊಂದು ಗಂಟೆ ಕಟ್ಟಿಟ್ಟು, ಉಳಿದ ಹೊತ್ತು ಅವರ ನೋಟಿಫಿಕೇಶನ್ ಬಂದ್ ಮಾಡೋಕೆ ಬಿಟ್ಟರೆ ಧ್ವನಿ ಇಳಿಯೋದೂ ಉಂಟು.

ದುರ್ಗಿಗುಡಿ ಡೀಬಗ್ಗರ್

ಮಾತು ಎತ್ತೋದು ಹೇಗೆ ಅಂದಿರಿ. ಘಟನೆ ಆಗಿ ಎರಡು ದಿನದೊಳಗೆ, ಇಬ್ಬರೇ, ಇಪ್ಪತ್ತು ನಿಮಿಷ. ಶುಕ್ರವಾರ ಸಂಜೆ ಬೇಡ, ರಿಲೀಸ್ ದಿನ ಬೇಡ. ಅವರು ಬೆಂಗಳೂರಲ್ಲಿದ್ದರೆ ವೀಡಿಯೊ ಕಾಲ್, ಚಾಟ್ ಖಂಡಿತ ಬೇಡ.

ಕ್ರಮ ಮೂರೇ: ಯಾವ ಸಂದರ್ಭ, ಏನು ಮಾಡಿದಿರಿ, ಅದರಿಂದ ಏನಾಯ್ತು. ಉದ್ದೇಶದ ಬಗ್ಗೆ ಒಂದು ಪದವೂ ಇಲ್ಲ. ಮಾದರಿ:

"ಮಂಗಳವಾರದ ರಿಫಂಡ್ ಪುಲ್ ರಿಕ್ವೆಸ್ಟಿನಲ್ಲಿ 'ಲೂಪ್ ಅಂದ್ರೇನು ಗೊತ್ತಾ' ಅಂತ ಬರೆದಿದ್ದೀರಿ. ಅದಾದ ಮೇಲೆ ಮೂರು ದಿನ ಅದನ್ನ ಯಾರೂ ಮುಟ್ಟಿಲ್ಲ. ಕ್ವೆರಿ ಬಗ್ಗೆ ನೀವು ಹೇಳಿದ್ದು ಸರಿ ಇತ್ತು, ಆದರೆ ಅದು ಜಾರಿಗೆ ಬರಲಿಲ್ಲ. ಮುಂದಿನ ಕಾಮೆಂಟಿನಿಂದ ಬರೆದವರ ಬಗ್ಗೆ ಮಾತು ಬೇಡ, ಕೋಡ್ ಬಗ್ಗೆ ಎಷ್ಟು ಖಾರ ಬೇಕಾದರೂ ಬರೀರಿ."

ಕೇಳೋದು ಒಂದೇ ಬದಲಾವಣೆ. ಐದು ಕೇಳಿದರೆ ಒಂದೂ ಸಿಗಲ್ಲ. "ಎಲ್ಲರೂ ಹೇಳ್ತಾರೆ" ಅನ್ನಬೇಡಿ, ಮಾತು ತಕ್ಷಣ "ಯಾರು ಹೇಳಿದ್ದು?" ಕಡೆ ಹೊರಳುತ್ತೆ, ಆಮೇಲೆ ಆ ಹುಡುಗನಿಗೆ ಉಳಿಗಾಲ ಇಲ್ಲ. ನೀವು ಕಣ್ಣಾರೆ ಕಂಡದ್ದು, ಬರಹದಲ್ಲಿರೋದು ಮಾತ್ರ ಎತ್ತಿ. ಮೊದಲು ಹೊಗಳಿ, ನಡುವೆ ಬೈದು, ಕೊನೆಗೆ ಹೊಗಳೋ ಪದ್ಧತಿಯೂ ಬೇಡ. ಚುರುಕು ಜನಕ್ಕೆ ಅದು ತಕ್ಷಣ ಗೊತ್ತಾಗುತ್ತೆ, ಮುಂದೆ ನಿಜವಾಗಿ ಹೊಗಳಿದರೂ ನಂಬಲ್ಲ.

"ನಾನಿರೋದೇ ಹೀಗೆ, ನೇರ" ಅಂದ್ರೆ ವಾದಕ್ಕೆ ಇಳೀಬೇಡಿ. "ನೇರವಾಗಿರಿ, ಕೋಡಿನ ಬಗ್ಗೆ" ಅಂತ ಅದೇ ಮಾತಿಗೆ ಮರಳಿ. "ಹಾಗಾದ್ರೆ ಕೆಟ್ಟ ಕೋಡ್ ಒಪ್ಕೋಬೇಕಾ?" ಅಂತ ಖಂಡಿತ ಬರುತ್ತೆ. ಇಲ್ಲ, "ತಡೆ" ಹಾಕಿ ಕಾರಣ ಬರೀರಿ ಅನ್ನಿ. ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ಮತ್ತೆ ಕೂತು ನೋಡಿ. ಸುಧಾರಿಸಿದ್ದರೆ ಯಾವ ಕಾಮೆಂಟಿನಲ್ಲಿ ಅಂತ ತೋರಿಸಿ ಹೇಳಿ. ಆರು ವಾರ ಕಳೆದರೂ ಅದೇ ರಾಗ ಆದರೆ ಮೇಲಕ್ಕೆ.

ಸ್ಟ್ಯಾಂಡಪ್‌ನಲ್ಲಿ ನಡುವೆ ಬಾಯಿ ಹಾಕೋದಕ್ಕೆ ಆಮೇಲಿನ ಮೀಟಿಂಗ್ ಬೇಡ, ಆ ಕ್ಷಣದಲ್ಲೇ: "ಒಂದ್ನಿಮಿಷ, ಅವರು ಮುಗಿಸಲಿ." ಮೊದಲ ಸಲ ನಿಮ್ಮ ಎದೆ ಹೊಡ್ಕೊಳ್ಳುತ್ತೆ, ನಾಲ್ಕನೇ ಸಲಕ್ಕೆ ತಂಡದ ಬೇರೆಯವರೇ ಹೇಳ್ತಾರೆ.

ಅವರನ್ನು ಟೀಮ್ ಲೀಡ್ ಮಾಡಿ ಸಮಾಧಾನ ಮಾಡೋ ಐಡಿಯಾ ಯಾರಾದರೂ ತಂದರೆ ದಯವಿಟ್ಟು ತಡೀರಿ. ತಾಂತ್ರಿಕ ಏಣಿಯಲ್ಲೇ ಮೇಲೆ ಹೋಗಲಿ, ಆದರೆ ಆ ಮೆಟ್ಟಿಲಿಗೆ "ಇನ್ನೊಬ್ಬರನ್ನು ತಯಾರು ಮಾಡಿರಬೇಕು" ಅನ್ನೋ ಶರತ್ತು ಲಿಖಿತವಾಗಿರಲಿ.

ತುಂಗೆದಂಡೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ಅನುಮಾನ. ಇದಕ್ಕೆಲ್ಲ ಹ್ಞೂಂ ಅಂದು, ಆಮೇಲೆ ಎಲ್ಲ ಪುಲ್ ರಿಕ್ವೆಸ್ಟಿಗೂ ಬರೀ "ಎಲ್‌ಜಿಟಿಎಂ" ("ನನಗೆ ಸರಿ ಕಾಣ್ತಿದೆ" ಅನ್ನೋದರ ಇಂಗ್ಲಿಷ್ ಚುಟುಕು) ಹಾಕಿ ಕೈ ತೊಳ್ಕೊಂಡ್ರೆ? ಮತ್ತೆ ಮ್ಯಾನೇಜರ್ "ಅವರು ರಿವ್ಯೂ ಮಾಡೋದ್ರಿಂದ ನಿಮ್ಮಲ್ಲಿ ತಪ್ಪುಗಳ ವರದಿ ಕಡಿಮೆ" ಅಂತಾರೆ. ಅದಕ್ಕೆ ಏನು ಹೇಳೋದು?

ಅಡಿಕೆ ಮತ್ತು ಎಪಿಐ

ಮೊದಲನೆಯದ್ದು ಮುನಿಸು. ಬೈಗುಳವನ್ನು ಹೇಗೆ ಎತ್ತಿದಿರೋ ಅದನ್ನೂ ಹಾಗೇ ಎತ್ತಿ: "ಈ ಮೂರರಲ್ಲಿ ಎಲ್‌ಜಿಟಿಎಂ ಇದೆ, ಎರಡರಲ್ಲಿ ಟೆಸ್ಟ್ ಇಲ್ಲ, ನೀವು ಬಿಡೋರಲ್ಲ." ಇದರ ನಡುವೆ ಎರಡನೇ ಒಡೆಯರ ಒಪ್ಪಿಗೆಯೂ ಬೇಕು ಅಂತ ಮಾಡಿ, ಕಡ್ಡಾಯ ಒಪ್ಪಿಗೆ 1 ಇದ್ದದ್ದನ್ನು 2 ಮಾಡಿ.

ಎರಡನೆಯದ್ದಕ್ಕೆ ಒಳ್ಳೇ ಉತ್ತರ ಇದೆ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧದ ತಪ್ಪುಗಳನ್ನು ನೋಡಿದಾಗ, ಚೆನ್ನಾಗಿ ನಡೆಯೋ ತಂಡಗಳಲ್ಲೇ ಹೆಚ್ಚು ತಪ್ಪು ವರದಿಯಾಗಿತ್ತು. ಅಲ್ಲಿ ಹೇಳೋಕೆ ಹೆದರಿಕೆ ಇರಲಿಲ್ಲ, ಅದಕ್ಕೇ. 1999ರಲ್ಲಿ ತಂಡದ ಮಾನಸಿಕ ಸುರಕ್ಷತೆ ಬಗ್ಗೆ ಅವರು ಬರೆದ ಪ್ರಬಂಧದ ಬೀಜ ಇದು. ವರದಿ ಕಡಿಮೆ ಆಗೋದು ತಪ್ಪು ಕಡಿಮೆಯಾಗಿದ್ದಕ್ಕೂ ಇರಬಹುದು, ಬಾಯಿ ಮುಚ್ಚಿದ್ದಕ್ಕೂ ಇರಬಹುದು. ಎರಡನ್ನೂ ಬೇರೆ ಮಾಡಿ ತೋರಿಸೋ ಅಂಕಿ: ಗ್ರಾಹಕರಿಂದ ಮೊದಲು ಗೊತ್ತಾದ ತೊಂದರೆ ಎಷ್ಟು, ತಂಡದವರೇ ಮೊದಲು ಹೇಳಿದ್ದು ಎಷ್ಟು. ಜೊತೆಗೆ ಪುಲ್ ರಿಕ್ವೆಸ್ಟ್ ತೆರೆದು ಮರ್ಜ್ ಆಗೋವರೆಗಿನ ದಿನ, ಅವರು ನೋಡಿದ್ದಕ್ಕೂ ಬೇರೆಯವರು ನೋಡಿದ್ದಕ್ಕೂ ಪ್ರತ್ಯೇಕ. ಸರಾಸರಿ ಬೇಡ, ಮಧ್ಯಾಂಕ (ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರೋ ಅಂಕಿ) ತೆಗೀರಿ. ಒಂದು ತಿಂಗಳು ಬಿದ್ದಿದ್ದ ಒಂದೇ ರಿಕ್ವೆಸ್ಟ್ ಸರಾಸರಿಯನ್ನ ಕೆಡಿಸುತ್ತೆ.

ಇನ್ನು "ಅವರಿಲ್ಲದಿದ್ರೆ ನಿಂತುಹೋಗುತ್ತೆ" ಅನ್ನೋದಕ್ಕೆ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳು) ನೋಡಿ. 2018ರ ಸೆಪ್ಟೆಂಬರಿನಲ್ಲಿ ಅದನ್ನು ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ತನ್ನ ಒರಟು ಇಮೇಲುಗಳಿಗೆ ಎಲ್ಲರೆದುರು ಕ್ಷಮೆ ಕೇಳಿ ರಜೆ ತಗೊಂಡರು, ಯೋಜನೆಗೆ ಹೊಸ ನಡವಳಿಕೆ ಸಂಹಿತೆ ಬಂತು. 4.19 ಆವೃತ್ತಿಯನ್ನು ಅಕ್ಟೋಬರಿನಲ್ಲಿ ಅದೇ ಯೋಜನೆಯ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬಿಡುಗಡೆ ಮಾಡಿದರು. ಕರ್ನಲ್ ನಿಲ್ಲಲಿಲ್ಲ, ಲಿನಸ್ ವಾಪಸ್ಸೂ ಬಂದರು. ಅಲ್ಲಿ ನಡೆದದ್ದು ಪೇಮೆಂಟ್ ಮಾಡ್ಯೂಲಿಗೆ ನಡೆಯಲ್ವಾ ಅಂತ ಕೇಳಿ.

ದುರ್ಗಿಗುಡಿ ಡೀಬಗ್ಗರ್

ಎಚ್‌ಆರ್ ಪ್ರಶ್ನೆ ಹಾಗೇ ಉಳೀತು. ಅಲ್ಲಿಗೆ ಒಯ್ಯಬೇಕಾದ ದಾಖಲೆ ಇದು: ತಾರೀಖು, ಜಾಗ, ಅದೇ ಶಬ್ದಗಳು, ಯಾರಿದ್ರು, ಕೆಲಸಕ್ಕೆ ಏನಾಯ್ತು. ಘಟನೆಗೊಂದು ಸಾಲು, ಅದೇ ದಿನ ಬರೆದದ್ದು. "ಸೊಕ್ಕು", "ಅಹಂಕಾರ" ಅಂತ ಬರೆದರೆ ಕಾಗದ ಅಲ್ಲೇ ಸತ್ತಿತು. ಕಾಮೆಂಟ್ ತಿದ್ದಬಹುದು, ಅಳಿಸಬಹುದು, ಹಾಗಾಗಿ ಲಿಂಕ್ ಜೊತೆ ಸ್ಕ್ರೀನ್‌ಶಾಟೂ ಇರಲಿ. ಕಂಪನಿಯ ಕೋಡ್ ಕಾಣೋ ಚಿತ್ರವನ್ನು ಸ್ವಂತ ಫೋನಿಗೋ ವಾಟ್ಸ್ಆ್ಯಪ್ಪಿಗೋ ಕಳಿಸಬೇಡಿ, ಆಮೇಲೆ ತಪ್ಪಿತಸ್ಥರು ನೀವೇ ಆಗ್ತೀರಿ.

ಬರೀ ಒರಟುತನಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ, ಕಂಪನಿಯ ನಿಯಮವೇ ಗತಿ. ಆದರೆ ಮಾತು ಲೈಂಗಿಕ ಅರ್ಥಕ್ಕೆ ತಿರುಗಿ ಹೆಣ್ಣುಮಕ್ಕಳ ಮೇಲೆ ಬಂದರೆ ಆರು ವಾರ ಕಾಯೋ ಮಾತೇ ಇಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರೋ ಕಡೆ ಆಂತರಿಕ ಸಮಿತಿ ಇರಲೇಬೇಕು. ಎಣಿಸೋದು ನಿಮ್ಮ ಒಂಬತ್ತು ಜನರ ತಂಡವನ್ನಲ್ಲ, ಸಂಸ್ಥೆಯನ್ನು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು. ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಅಲ್ಲಿ ಲೀಡ್ ಆಗಿ ನೀವು "ರಾಜಿ ಮಾಡಿಸ್ತೀನಿ" ಅಂತ ನಡುವೆ ನಿಲ್ಲಬೇಡಿ.

ಹೊಸನಗರ ಹಾಟ್‌ಫಿಕ್ಸ್

ಮನೆಯಿಂದ ಕೆಲಸ ಮಾಡೋ ಮೂವರ ಬಗ್ಗೆ ಯಾರೂ ಹೇಳಲಿಲ್ಲ. ಆಷಾಢದಲ್ಲಿ ಕಾಲ್ ತುಂಡಾದಾಗ ಆ ಕಡೆ ಕೇಳೋದು ಅರ್ಧ ವಾಕ್ಯ, ಆ ಹಿರಿಯರು ಸಿಡುಕೋದಕ್ಕೆ ಅದೂ ನೆಪ. "ಮತ್ತೆ ಕರೆಂಟಾ?" ಅನ್ನೋ ಕೊಂಕಿಗೆ ಜಾಗ ಕೊಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಟ್ಯಾಂಡಪ್ ಬರಹದಲ್ಲಿ, ಬೆಳಿಗ್ಗೆ ಹತ್ತರೊಳಗೆ, ನಾಲ್ಕು ಸಾಲು. ನಿನ್ನೆ, ಇವತ್ತು, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಯಾರ ಉತ್ತರ ಬೇಕು.

ಡೌಟ್ ಕೇಳೋಕೂ ಅಚ್ಚು ಮಾಡ್ಕೊಡಿ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು, ಪೂರ್ತಿ ಎರರ್, ಈಗಾಗಲೇ ನೋಡಿದ ಎರಡು ಜಾಗ. ಅರ್ಧ ಗಂಟೆ ಒದ್ದಾಡಿದ ಮೇಲೆ ಕೇಳಲೇಬೇಕು, ಎಲ್ಲರಿಗೂ ಕಾಣೋ ಚಾನೆಲ್‌ನಲ್ಲಿ. ಖಾಸಗಿ ಮೆಸೇಜಿನಲ್ಲಿ ಬೈದದ್ದು ಯಾರಿಗೂ ಕಾಣಲ್ಲ, ಕೊಟ್ಟ ಉತ್ತರವೂ ಯಾರಿಗೂ ಸಿಗಲ್ಲ. ಕಟು ಕಾಮೆಂಟ್ ಬಂದರೆ ಅದರಲ್ಲಿನ ತಾಂತ್ರಿಕ ಭಾಗಕ್ಕೆ ಮಾತ್ರ ಉತ್ತರ, ಕೊನೆಗೆ ಒಂದೇ ಪ್ರಶ್ನೆ: "ಇದು ತಡೆಯೋ, ಸಲಹೆಯೋ?"

ಕರೆಂಟ್ ಹೋದ ತಕ್ಷಣ ನೆಟ್ ಹೋಗೋದು ತಪ್ಪಿಸೋಕೆ ಫೈಬರ್ ಪೆಟ್ಟಿಗೆ (ಹೊರಗಿನ ಫೈಬರ್ ತಂತಿ ಬಂದು ಸೇರೋದು) ಮತ್ತು ರೌಟರ್ ಎರಡಕ್ಕೂ ಚಿಕ್ಕ ಡಿಸಿ ಯುಪಿಎಸ್ (ಬ್ಯಾಟರಿ) ಸಾಕು. ಕೊಳ್ಳೋ ಮೊದಲು ಎರಡರ ಅಡಾಪ್ಟರ್ ಚೀಟಿ ಓದಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತೆ, ಆಂಪಿಯರ್ ಬೇರೆ ಬೇರೆ. ರೌಟರ್‌ಗೆ ಮಾತ್ರ ಹಾಕಿ ಫೈಬರ್ ಪೆಟ್ಟಿಗೆ ಮರೆತರೆ ವೈಫೈ ಗುರುತು ಪೂರ್ತಿ ಕಾಣುತ್ತೆ, ಇಂಟರ್ನೆಟ್ ಮಾತ್ರ ಇರಲ್ಲ.